ಗೋಂದಣ್ಣ ಬರೆದ ಕೊನೆಯ ನಾಲ್ಕು ಹಾಳೆ

ಒಂದು ನಿಮಿಷ ಕೂತು ಇದನ್ನು ಕೇಳಿಬಿಡಿ, ಆಮೇಲೆ ಎಲ್ಲಿಗೆ ಬೇಕಾದರೂ ಹೋಗಿ. ಒಂದೇ ಪುಸ್ತಕವನ್ನು ಇಡೀ ಬೀದಿ ಓದುತ್ತಿದ್ದ ಕಾಲ ಅದು. ಶನಿವಾರ ಸಂಜೆ ಐದಕ್ಕೆ ಲೈಬ್ರರಿ ಹುಡುಗಿ ಒಂದು ಅಧ್ಯಾಯ ಗಟ್ಟಿಯಾಗಿ ಓದುವಳು. ಬೆಂಚು ಸಾಲದೆ ಜನ ಕಿಟಕಿಗೂ ಜೋತುಬೀಳುವರು. ಮುಂದಿನ ಪುಟ ಕದ್ದು ನೋಡುವಂತಿಲ್ಲ, ಅವಳು ಕೂಡ.

ಆ ವರ್ಷದ ಕಾದಂಬರಿಯಲ್ಲಿ, ಬಡವರ ನೆರಳನ್ನೆಲ್ಲ ಅರಮನೆಯಲ್ಲಿ ಬೀಗ ಹಾಕಿಟ್ಟ ಒಂದು ರಾಜ್ಯ. ಆ ನೆರಳುಗಳನ್ನು ಕದ್ದು ತಂದು ಹಂಚುವ ಒಬ್ಬಳು. ಅವಳಿಗಾಗಿ ಬೀಗ ಬಿಚ್ಚುವ, ಬಾಯಿ ಮಾತ್ರ ಬಿಚ್ಚದ ಒಬ್ಬ ಬೀಗ ರಿಪೇರಿಯವನು. ಯುವರಾಜ ಅವಳಿಗೆ, "ನನ್ನನ್ನು ಮದುವೆಯಾಗು, ಅರಮನೆಯಲ್ಲೇ ಇದ್ದುಬಿಡು" ಎಂದಲ್ಲಿಗೆ ಕತೆ ನಿಂತಿತ್ತು.

ಲೈಬ್ರರಿ ಹುಡುಗಿಗೂ ಆಗಲೇ ಒಂದು ಸಂಬಂಧ ಬಂದಿತ್ತು. ಗಂಡು ಗಿರಣಿ ಮ್ಯಾನೇಜರು. "ಕತೆ ಮುಗೀಲಿ ಅಪ್ಪಾ, ಶನಿವಾರ ಸಂಜೆ ಹೇಳ್ತೀನಿ" ಎಂದಿದ್ದಳು. ಇದನ್ನು ಕೇಳಿ ಊಟ ಬಿಟ್ಟವನು ಗೋಂದಣ್ಣ, ಅಂದರೆ ಲೈಬ್ರರಿಯ ಹಿಂದಿನ ಕೋಣೆಯ ಬೈಂಡರ್. ಮೂರು ವರ್ಷದಿಂದ ಅವಳ ಮೇಲೆ ಪ್ರಾಣ. ಆಡಿದ ಮಾತು ಮಾತ್ರ ಒಂದೇ: "ಅಂಟು ಒಣಗಿಲ್ಲ, ಹುಷಾರು."

ಅವತ್ತೇ ಆ ಶನಿವಾರ, ಕೊನೆಯ ಅಧ್ಯಾಯದ ದಿನ. ಕಾದಂಬರಿಯ ಹೊಲಿಗೆ ಸಡಿಲವಾಗಿತ್ತೆಂದು ಗೋಂದಣ್ಣ ಬೆಳಿಗ್ಗೆ ಬಿಚ್ಚಿದ್ದ. ಮಧ್ಯಾಹ್ನ ಹೊಲಿಯಲು ಕೂತರೆ ಕೊನೆಯ ನಾಲ್ಕು ಹಾಳೆ ಇಲ್ಲ! ಮೇಜಿನ ಕೆಳಗೆ, ಕಸದ ಬುಟ್ಟಿಯಲ್ಲಿ, ತನ್ನ ಜೇಬಿನಲ್ಲಿ ಹುಡುಕಿದ. ಅಂಟಿನ ಡಬ್ಬಿಗೂ ಕೈಹಾಕಿ, ಬಲೆಗೆ ಬಿದ್ದ ನೊಣದ ಹಾಗೆ ಒದ್ದಾಡಿದ.

ಅಷ್ಟರಲ್ಲಿ ಎದುರಿನ ಕ್ಷೌರದಂಗಡಿಯ ಕಟಿಂಗ್ ಮಾಮ ಬಂದ. ಹಿಂದೆಯೇ ಟೈಲರಮ್ಮ, ಬೆಳಿಗ್ಗೆ ಗೋಂದಣ್ಣನೇ ಹೊಸ ರಟ್ಟು ಹಾಕಿಕೊಟ್ಟ ಅಳತೆ ಪುಸ್ತಕ ಕಂಕುಳಲ್ಲಿ.

"ಹೋದ್ರೆ ಹೋಯ್ತು, ನೀನೇ ಬರಿಯೋ. ಹಾಳೆ ಹಾಳಾಗಿತ್ತು, ನಕಲು ಮಾಡ್ದೆ ಅನ್ನು. ಯಾರು ನೋಡಿದಾರೆ?" ಎಂದ ಮಾಮ, ಸಂಗತಿ ಕೇಳಿ.

ಗೋಂದಣ್ಣನಿಗೆ ಆಸೆ ಚಿಗುರಿತು. ಯುವರಾಜನನ್ನು ಬಿಟ್ಟು ಅವಳು ಬೀಗದವನ ಕೈ ಹಿಡಿದಳು ಎಂದು ಬರೆದ.

ಮಾಮ ಇಣುಕಿ ನಕ್ಕ. "ಬೀಗದವನಿಗೂ ಬೆರಳಲ್ಲಿ ಅಂಟಿದ್ಯೇನೋ? ಓದಿದ್ ತಕ್ಷಣ ಊರೆಲ್ಲ ನಿನ್ ಮುಖಾನೇ ನೋಡತ್ತೆ, ನೋಡ್ತಿರು!"

ಗೋಂದಣ್ಣ ಕಿವಿತನಕ ಕೆಂಪಾಗಿ ಅದನ್ನು ಹೊಡೆದುಹಾಕಿದ.

"ಅಲ್ಲಯ್ಯಾ, ಇವನನ್ನ ಬಿಟ್ಟು ಅವನನ್ನ ಕಟ್ಕೊಂಡ್ರೆ ರಾಜ್ಯ ಬದಲಾಯ್ತಾ?" ಟೈಲರಮ್ಮ ಅಳತೆ ಪುಸ್ತಕದಿಂದಲೇ ಮೇಜು ಕುಟ್ಟಿದಳು. "ಇಬ್ರೂ ಬೇಡ. ಅವಳನ್ನ ಹೊರಗೆ ಕಳ್ಸು. ಊರೂರಿಗೆ ಹೋಗಿ ನೆರಳು ಬಿಡಿಸ್ಲಿ!"

ಯುವರಾಜ ಬೇಡ ಅಂದರೆ ಮ್ಯಾನೇಜರೂ ಬೇಡ. ಸದ್ಯಕ್ಕೆ ಅಷ್ಟು ಸಾಕು ಎಂದುಕೊಂಡ ಗೋಂದಣ್ಣ. ಟೈಲರಮ್ಮ ಹೇಳುತ್ತಾ ಹೋದಳು, ಇವನು ಬರೆಯುತ್ತಾ ಹೋದ. ಐದಕ್ಕೆ ಐದು ನಿಮಿಷವಿದ್ದಾಗ ಹೊಲಿಗೆ ಮುಗಿಯಿತು.

ಹುಡುಗಿ ಓದಿದಳು. ಕತೆಯವಳು ಇಬ್ಬರನ್ನೂ ಬಿಟ್ಟು ಬೆಟ್ಟದಾಚೆ ಹೊರಟಲ್ಲಿಗೆ ಕತೆ ಮುಗಿಯಿತು. ಪುಸ್ತಕ ಮುಚ್ಚಿ ಎದ್ದು ನಿಂತಳು.

"ಅಪ್ಪಾ, ಆ ಗಂಡು ಬೇಡ."

ಗೋಂದಣ್ಣನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವುದೊಂದೇ ಬಾಕಿ.

"ನಾಳೆನೇ ಹೊರಡ್ತೀನಿ. ಹೊಳೆಯಾಚೆ ಊರುಗಳಲ್ಲಿ ಲೈಬ್ರರಿ ಶುರು ಮಾಡೋಕೆ ಜನ ಬೇಕಂತೆ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಟೈಲರಮ್ಮ. ಆ ರಭಸಕ್ಕೆ ಕಂಕುಳಿನ ಪುಸ್ತಕ ಜಾರಿ ನೆಲಕ್ಕೆ ಬಿತ್ತು, ಹಸಿ ರಟ್ಟು ಬಾಯಿಬಿಟ್ಟಿತು. ರಟ್ಟು ದಪ್ಪವಾಗಲೆಂದು ಬೆಳಿಗ್ಗೆ ಅವಸರದಲ್ಲಿ ಗೋಂದಣ್ಣ ಒಳಗೆ ತುರುಕಿದ್ದ ರದ್ದಿ ಹೊರಗೆ ಇಣುಕಿತು. ನಾಲ್ಕು ಹಾಳೆ.

ಗೋಂದಣ್ಣ ಎತ್ತಿಕೊಂಡು ಓದಿದ. ಕತೆಯವಳು ಬೀಗದವನ ಎದುರು ನಿಂತಿದ್ದಳು: "ನೀನಂತೂ ಬಾಯಿ ಬಿಡುವುದಿಲ್ಲ. ನಾನೇ ಕೇಳುತ್ತೇನೆ, ನನ್ನನ್ನು ಮದುವೆಯಾಗುತ್ತೀಯಾ?"

ತಲೆ ಎತ್ತಿದರೆ ಲೈಬ್ರರಿ ಹುಡುಗಿ ಎದುರಿಗೇ.

"ನಕಲು ಮಾಡಿದ್ದು ನೀವಂತಲ್ಲ? ನೀವಿಲ್ದಿದ್ರೆ ಈ ಕೊನೆ ನಂಗೆ ಸಿಗ್ತಾನೇ ಇರ್ಲಿಲ್ಲ. ಅದೇನದು ಕೈಯಲ್ಲಿ?"

ಗೋಂದಣ್ಣ ಕೈಯನ್ನು ಬೆನ್ನ ಹಿಂದೆ ಮಾಡಿದ. ಹಾಳೆಗಳು ಅಂಗೈಗೇ ಅಂಟಿಕೊಂಡಿದ್ದವು.

"ಅಂಟು ಒಣಗಿಲ್ಲ," ಎಂದ. "ಹುಷಾರು."

ಅವಳು ನಕ್ಕು ಹೋದಳು. ಆ ಕಾದಂಬರಿಯ ಕೊನೆಯ ನಾಲ್ಕು ಹಾಳೆ ಇವತ್ತಿಗೂ ಕೈಬರಹದ್ದೇ. ಹೇಳಿ, ಅವನ ಜಾಗದಲ್ಲಿ ನೀವಿದ್ದಿದ್ದರೆ ಆ ಕೈ ಮುಂದೆ ಚಾಚುತ್ತಿದ್ದಿರಾ?