ಮಾತಾಡಿಸಲು ಬಂದವರು

ಕನ್ನಡಿಯಲ್ಲಿ ತನ್ನ ಎಡಗಣ್ಣು ಕೆಂಡದಂತೆ ಕೆಂಪಾಗಿರುವುದನ್ನು ಕಂಡು ಸುರೇಖಾಳಿಗೆ ಮೊದಲು ಹೆದರಿಕೆಯಾಯಿತು. ಆಮೇಲೆ ಸಂತೋಷವಾಯಿತು.

ಹೋದ ತಿಂಗಳು ಗಂಗಾವತಿಯ ಅವರ ಓಣಿಗೆಲ್ಲ ಚಿಕೂನ್‌ಗುನ್ಯ ಬಂದಿತ್ತು. ಅವರ ಮನೆಯ ಇಬ್ಬರು ಸೊಸೆಯರಿಗೂ ಒಂದೇ ವಾರದಲ್ಲಿ ಜ್ವರ. ಹಿರಿಯ ಸೊಸೆ ದುರ್ಗಾದೇವಿ ಪಡಸಾಲೆಯಲ್ಲೇ ಹಾಸಿಗೆ ಹಾಕಿಸಿಕೊಂಡು ನರಳಿದಳು. ಓಣಿಗೆ ಓಣಿಯೇ ಬ್ರೆಡ್ಡು, ಬಿಸ್ಕೀಟು, ಎಳನೀರು ಹಿಡಿದು ಅವಳನ್ನು ಮಾತಾಡಿಸಲು ಬಂತು. ಕಿರಿಯ ಸುರೇಖಾ ಅದೇ ಜ್ವರದಲ್ಲಿ, ಮಡಚಲು ಬಾರದ ಬೆರಳುಗಳಲ್ಲಿ, ಬಂದವರಿಗೆಲ್ಲ ಚಹಾ ಮಾಡಿದಳು. "ನಿನಗೂ ಜ್ವರ ಏನವಾ?" ಎಂದು ಒಬ್ಬರೂ ಕೇಳಲಿಲ್ಲ. ಒಬ್ಬಾಕೆ ಮಾತ್ರ, "ಸಕ್ರಿ ಕಮ್ಮಿ ಆಗೇತಲ್ಲ?" ಎಂದು ಕೇಳಿದ್ದಳು.

ಆ ಬ್ರೆಡ್ಡಿನ ಪೊಟ್ಟಣಗಳು ಇವತ್ತಿಗೂ ಅವಳ ಹೊಟ್ಟೆಯಲ್ಲಿ ಕರಗಿರಲಿಲ್ಲ, ಅವಳು ಒಂದು ತುಣುಕೂ ತಿಂದಿರದಿದ್ದರೂ. ಜ್ವರ ಯಾರಿಗೂ ಕಾಣುವುದಿಲ್ಲ. ಕೆಂಪು ಕಣ್ಣು ಬೀದಿಯಿಂದಲೇ ಕಾಣುತ್ತದೆ. ಇನ್ನು ತನ್ನ ಸರದಿ.

"ಅತ್ತಿ, ನನ್ನ ಕಣ್ಣು ನೋಡ್ರಿ."

ಅತ್ತೆ ಪಕ್ಕೀರವ್ವ ಬೇಳೆ ಆರಿಸುತ್ತಲೇ, "ನೀರೊಲಿ ಹೊಗಿ ಬಡದಿರಬೇಕು" ಎಂದಳು.

ದುರ್ಗಾದೇವಿ ಮಾತ್ರ ಹತ್ತಿರ ಬಂದು ನೋಡಿದಳು. "ಇಷ್ಟನ? ನನಗ ಜ್ವರ ಬಂದಾಗ ಎರಡೂ ಕಣ್ಣು ಹಿಂಗ ಆಗಿದ್ವು. ನಾ ಹೇಳಿಕೊಳ್ಳಲಿಲ್ಲ, ಅಷ್ಟ."

ಗಂಡ ಮಲ್ಲೇಶ ರೈಸ್ ಮಿಲ್ಲಿಗೆ ತಡವಾಯಿತೆಂದು ಗೊಣಗುತ್ತ ಬೈಕಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ದಾರಿಯುದ್ದಕ್ಕೂ ಬಿಸಿಲು ಕಣ್ಣಿಗೆ ಖಾರದಪುಡಿ ಎರಚಿದಂತಾಗುತ್ತಿತ್ತು. ಡಾಕ್ಟರು ಯಂತ್ರದೊಳಗಿಂದ ಇಣುಕಿ ನೋಡಿ, "ಈಗಿತ್ಲಾಗ ಜ್ವರ ಬಂದಿತ್ತೇನವಾ?" ಎಂದರು.

ಸುರೇಖಾಳ ಎರಡೂ ಕಣ್ಣಲ್ಲಿ ನೀರು ಬಂತು. "ಬಂದಿತ್ರಿ!"

"ಅಳಬ್ಯಾಡ, ಕಮ್ಮಿ ಆಗತೈತಿ."

"ಅದಕ್ಕ ಅಲ್ರೀ. ನೀವೊಬ್ರು ಕೇಳಿದ್ರಲ್ಲ."

ಡಾಕ್ಟರಿಗೆ ಅರ್ಥವಾಗಲಿಲ್ಲ. "ಸೊಳ್ಳಿ ಕಡದು ಬಂದ ಜ್ವರ ಬಿಟ್ಟು ಹೋದ ಮ್ಯಾಲೂ ಕೆಲವರಿಗೆ ಹಿಂಗ ಕಣ್ಣಿನ ಒಳಗ ಬಾವು ಬರತೈತಿ. ಇದು ಒಬ್ಬರಿಂದ ಒಬ್ಬರಿಗೆ ಹತ್ತೂದಲ್ಲ. ಹನಿ ಔಷಧ ಮಾತ್ರ ತಪ್ಪಿಸಬ್ಯಾಡ, ದೃಷ್ಟಿ ಹೋದೀತು. ಬೆಳಕಿಗೆ ಕರೇ ಚಷ್ಮಾ ಹಾಕ್ಕೋ."

ಮನೆಗೆ ಬಂದವಳೇ ಸುರೇಖಾ ಪಡಸಾಲೆಯಲ್ಲಿ, ದುರ್ಗಾದೇವಿ ಮಲಗಿದ್ದ ಅದೇ ಜಾಗದಲ್ಲಿ, ಪೆಟ್ಟಿಗೆಯೊಳಗಿನ ಹೊಸ ಚಾದರ ಹಾಸಿ, ಕರಿ ಚಷ್ಮಾ ಹಾಕಿಕೊಂಡು ಸಭೆಗೆ ಬಂದ ಮಂತ್ರಿಯಂತೆ ಒರಗಿದಳು.

ಮೊದಲು ಬಂದವಳು ಪಕ್ಕದ ಮನೆಯ ಹಜರತಬೀ. ಹೊಸ್ತಿಲಲ್ಲಿ ಒಂದು ಕಾಲಿಟ್ಟವಳು ಚಷ್ಮಾ ಕಂಡು ಮುಖದ ತುಂಬ ಸೆರಗು ಎಳೆದುಕೊಂಡಳು. "ಯಾ ಅಲ್ಲಾ! ಈಕಿಗೆ ಕಣ್ಣು ಬಂದಾವ! ನೋಡಿದ್ರ ನಮಗೂ ಬರತಾವ!"

"ಒಳಗ ಬರ್ರಿ ಚಾಚಿ, ಇದು ಆ ಬ್ಯಾನಿ ಅಲ್ಲ. ಹತ್ತೂದಿಲ್ಲಂತ ಡಾಕ್ಟ್ರು ಹೇಳ್ಯಾರ."

"ಅವ್ರು ಹೇಳೂದಕ್ಕೇನು? ನಮಗೆಲ್ಲ ಹತ್ತಿದ್ರ ಅವ್ರಿಗೇ ಛಲೋ."

"ಚಿಕೂನ್‌ಗುನ್ಯದ್ದು ಚಾಚಿ! ಬೇಕಾದ್ರ ನೀವ ನೋಡ್ರಿ!" ಎಂದು ಸುರೇಖಾ ಚಷ್ಮಾ ತೆಗೆದಳು.

ತೆಗೆಯಬಾರದಿತ್ತು. ಹಜರತಬೀ ಬೆಕ್ಕು ಕಂಡ ಕೋಳಿಯಂತೆ ಕೂಗುತ್ತ ಓಡಿದಳು. ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಆಮೇಲೆ ಬಂದವರು ಯಾರೂ ಹೊಸ್ತಿಲು ತುಳಿಯಲಿಲ್ಲ. ಬೀದಿಯಲ್ಲಿ ನಿಂತು, ಮನೆಗೆ ಬೆನ್ನು ತಿರುಗಿಸಿ, "ಲಗೂ ಆರಾಮ ಆಗವಾ!" ಎಂದು ಎದುರು ಗೋಡೆಗೆ ಕೂಗಿ ಹೋದರು. ಎದುರು ಮನೆಯ ಹೇಮಪ್ಪ ಗಾಬರಿಯಿಂದ ಹೊರಗೆ ಬಂದು, "ನಾ ಆರಾಮನ ಅದೀನ್ರಿ, ಯಾರ ಹೇಳಿದ್ರು ನಿಮಗ?" ಎಂದು ಎಲ್ಲರನ್ನೂ ಕೇಳತೊಡಗಿದ.

ಪಕ್ಕೀರವ್ವ ತಡೆಯಲಾರದೆ, "ಬಾಗಲದಾಗ ಕುಂತು ಓಣಿಗೆಲ್ಲ ಹಚ್ಚತೀ ಏನು?" ಎಂದು ಸೊಸೆಯನ್ನೂ ಚಾದರವನ್ನೂ ಹಿಂದಿನ ಕೋಣೆಗೆ ಸಾಗಿಸಿದಳು.

ಸಂಜೆ ಪಡಸಾಲೆಯಲ್ಲಿ ಬಳೆಗಳ ಸದ್ದು, ಹತ್ತಾರು ಹೆಂಗಸರ ಮಾತು. ಕೊನೆಗೂ ಧೈರ್ಯ ಮಾಡಿ ಬಂದರಲ್ಲ! ಸುರೇಖಾ ತಲೆ ಬಾಚಿಕೊಂಡಳು. ಚಾದರದ ಸುಕ್ಕು ತೆಗೆದಳು. ಸಣ್ಣಗೆ ಒಮ್ಮೆ ನರಳಿ ನೋಡಿಕೊಂಡಳು, ಛಲೋ ಬಂತು. ಆದರೆ ಯಾರೂ ಒಳಗೆ ಬರಲಿಲ್ಲ. ಬಾಗಿಲ ಸಂದಿಯಿಂದ ಇಣುಕಿದಳು.

ನಡುವೆ ದುರ್ಗಾದೇವಿ ಹಣೆಗೆ ಕೈ ಹಚ್ಚಿ ಕೂತಿದ್ದಳು. ಸುತ್ತ ಇಡೀ ಓಣಿ.

"ಒಂದ ದಿನಕ್ಕ ಎಷ್ಟ ಸೊರಗೀಯವಾ ದುರ್ಗಾ!" ಎನ್ನುತ್ತಿದ್ದಳು ಹಜರತಬೀ. "ಮನ್ಯಾಗ ಅಂಥಾ ಬ್ಯಾನಿ ಇಟಗೊಂಡು, ಅಡಗಿ ಎಲ್ಲಾ ನೀನ ಮಾಡಿ... ಹೆಂಗ ತಡಕೋತಿ?"

"ಏನ್ ಮಾಡೂದು ಚಾಚಿ," ದುರ್ಗಾದೇವಿ ನಿಟ್ಟುಸಿರು ಬಿಟ್ಟಳು. "ಬ್ಯಾನಿ ಬಂದಾಕಿಗೇನು, ಮಲಗತಾಳ. ನೋಡಿಕೊಳ್ಳಾಕಿಗೆ ಕಷ್ಟ."

ಕುಷ್ಟಗಿಯ ದಾಳಿಂಬೆಗಳ ಒಂದು ಚೀಲ ಅವಳ ಮಡಿಲಿಗೆ ಬಿತ್ತು.

ಸುರೇಖಾಳಿಗೆ ಈಗ ಕಣ್ಣಿಗಿಂತ ಹೊಟ್ಟೆಯೇ ಹೆಚ್ಚು ಉರಿಯಿತು. ಬಂದು ಮುಸುಕು ಹಾಕಿ ಮಲಗುವಷ್ಟರಲ್ಲಿ ಬಾಗಿಲು ತೆರೆಯಿತು. ಅತ್ತೆ! ಕೈಯಲ್ಲಿ ತಾಟು, ತಾಟಿನಲ್ಲಿ ದಾಳಿಂಬೆ. ಒಬ್ಬರಾದರೂ ನೆನೆಸಿದರಲ್ಲ ಎಂದು ಸುರೇಖಾ ಎದ್ದು ಕೂತಳು.

"ದುರ್ಗಾ ಭಾಳ ದಣದಾಳ. ಇವಿಷ್ಟು ಬಿಡಿಸಿ ಕೊಡು," ಎಂದಳು ಪಕ್ಕೀರವ್ವ.

"ಅತ್ತಿ, ನನಗ ಬ್ಯಾನಿ..."

"ಕಣ್ಣಿಗಲ್ಲೇನು? ಕೈಗೇನಾಗೇತಿ?" ಪಕ್ಕೀರವ್ವ ತಾಟು ನೆಲಕ್ಕಿಟ್ಟು ಬಾಗಿಲವರೆಗೆ ಹೋಗಿ ತಿರುಗಿದಳು. "ಗ್ವಾಡಿ ಕಡೆ ಮುಖ ಮಾಡಿ ಬಿಡಸು. ಹಣ್ಣು ಮಾತ್ರ ನೋಡಬ್ಯಾಡ, ತಿನ್ನಾಕಿಗೆ ಹತ್ತೀತು."