ನಮ್ಮತ್ತೆಯ ಪರೀಕ್ಷೆಗಳು

ನಮ್ಮತ್ತೆ ದೇವರನ್ನೂ ಪರೀಕ್ಷೆ ಮಾಡದೆ ನಂಬಿದವರಲ್ಲ. ಮೊದಲು ಒಂದು ಚಿಕ್ಕ ಹರಕೆ, ಅದು ಫಲಿಸಿದರೆ ಮಾತ್ರ ದೊಡ್ಡದು! ಸಂತೆಯಲ್ಲಿ ಹುಣಸೆಹಣ್ಣು ಕೊಳ್ಳುವ ಮುಂಚೆ ಅಲ್ಲೇ ನೀರು ತರಿಸಿ ಕಿವುಚಿ ನೋಡುವರು. ಅವರು ಬರುವುದು ಕಂಡರೆ ವ್ಯಾಪಾರಿಗಳು ರಾಶಿಯ ಮೇಲೆ ಗೋಣಿಚೀಲ ಎಳೆಯುತ್ತಿದ್ದರು.

ಅರವತ್ತರ ದಶಕದ ಮಾತು. ನಾನು ಚೊಚ್ಚಲ ಬಸುರಿ. ಎಂಟನೇ ತಿಂಗಳಲ್ಲಿ ಮುಖ ದುಂಡಗಾಗಿ ಬಳೆಗಳು ಬಿಗಿಯಾದಾಗ, ಬೂದಿಕೋಟೆಯ ನಮ್ಮ ಬೀದಿಯವರೆಲ್ಲ ಬಸುರಿ ಕಳೆ ಎಂದು ಹೊಗಳಿದರು. ಅತ್ತೆ ಮಾತ್ರ ನನ್ನ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಗುಳಿ ಬಿತ್ತು. ಅದು ತುಂಬುವವರೆಗೆ ಕಣ್ಣು ಕೀಳಲಿಲ್ಲ.

"ನಡಿಯಮ್ಮ, ಆಸ್ಪತ್ರೆಗೆ ಓಗಾನ" ಎಂದರು.

ನನ್ನ ಗಂಡನಿಗೆ ಚಿನ್ನದ ಗಣಿಯಲ್ಲಿ ಕೆಲಸ, ಗಣಿಯವರ ಆಸ್ಪತ್ರೆಯೂ ಅಲ್ಲೇ. ಬಂಗಾರಪೇಟೆಯಲ್ಲಿ ಬಸ್ಸಿಳಿದು ಮಾರಿಕುಪ್ಪಂ ರೈಲು ಹತ್ತಿದೆವು. ಆ ಆಸ್ಪತ್ರೆಯ ಡಾಕ್ಟ್ರಮ್ಮನ ಕೈಯಲ್ಲಿ ಯಾರಾದರೂ ಸತ್ತಿದ್ದಾರೆಯೇ ಎಂದು ಅತ್ತೆ ಡಬ್ಬಿಯ ಹೆಂಗಸರನ್ನೆಲ್ಲ ವಿಚಾರಿಸಿದರು. ಬಸುರಿ ಪಕ್ಕದಲ್ಲಿ ಕೇಳುವ ಮಾತೇ ಅದು?

ನರ್ಸು ನನ್ನ ತೋಳಿಗೆ ಪಟ್ಟಿ ಸುತ್ತಿ, ಪಾದರಸ ಇಳಿಯುವುದನ್ನು ನೋಡಿ, ತಕ್ಷಣ ಡಾಕ್ಟರನ್ನು ಕರೆದರು. ಆಮೇಲೆ ನನ್ನ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ಒಡೆದ ಹಾಲಿನ ಹಾಗೆ ಬೆಳ್ಳಗೆ ಗಟ್ಟಿಕಟ್ಟಿತು. ರಕ್ತದೊತ್ತಡ ಏರಿದೆ, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆ, ಹೀಗೇ ಬಿಟ್ಟರೆ ಫಿಟ್ಸ್ ಬರಬಹುದು, ಈಗಲೇ ಸೇರಿಸಿ ಎಂದರು ಡಾಕ್ಟರು.

ಅತ್ತೆ ಅಷ್ಟಕ್ಕೆ ಒಪ್ಪುವವರೇ?

"ನಿಮ್ ದೀಪ ಸರಿಯಾಗೈತೋ ಇಲ್ವೋ, ನಂದೂ ಕಾಯ್ಸಿ ನೋಡಿ."

ನರ್ಸು ಬಾಯಿಬಿಟ್ಟು ನಿಂತರು. ಡಾಕ್ಟರು ಮಾತ್ರ ನಗದೆ ಒಪ್ಪಿದರು. ಅತ್ತೆಯದು ಕೊತಕೊತ ಕುದಿಯಿತು, ಆದರೂ ತಿಳಿಯಾಗಿಯೇ ಉಳಿಯಿತು. ಎರಡೂ ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡಿದ ಅತ್ತೆ ಹಾಗೇ ಬೆಂಚಿನ ಮೇಲೆ ಕುಸಿದರು. ಸೇರಿಸಿಕೊಳ್ಳಿ ಎಂದು ಅವರು ಅಂದಿದ್ದು ನನಗೆ ಸರಿಯಾಗಿ ಕೇಳಿಸಲೂ ಇಲ್ಲ.

ಬೆಳಕು ಬಿದ್ದರೂ ಫಿಟ್ಸ್ ಬಂದೀತೆಂದು ನನಗೆ ಕತ್ತಲೆಕೋಣೆ, ಉಪ್ಪಿಲ್ಲದ ಊಟ. ಉಪ್ಪು ಬಿದ್ದಿದೆಯೋ ಎಂದು ಪ್ರತಿ ತಟ್ಟೆಯನ್ನೂ ಮೊದಲು ಅತ್ತೆಯೇ ರುಚಿ ನೋಡುತ್ತಿದ್ದರು. ಕೊನೆಗೆ, ಅಜ್ಜಿಗೆ ಪಾಟಿ ಎನ್ನುವ ಆ ತಮಿಳು ನರ್ಸು, "ಪಾಟಿ, ಅರ್ಧ ಊಟ ನೀವೇ ಮಾಡಿದ್ರೆ ಅವ್ಳಿಗೇನು ಉಳೀತದೆ?" ಎಂದರು. ಗಂಡನನ್ನು ನೋಡಿದರೆ ನನ್ನ ಒತ್ತಡ ಏರೀತೆಂದು ಮಗನನ್ನೂ ಬಾಗಿಲಲ್ಲೇ ನಿಲ್ಲಿಸಿದ ಮಹಾತಾಯಿ!

ಒಂದು ಮಧ್ಯಾಹ್ನ ತಲೆ ಸಿಡಿಯತೊಡಗಿತು. ಕಣ್ಣೆದುರು ಕಿಡಿಗಳು. ಅತ್ತೆ ಬರಿಗಾಲಲ್ಲಿ ಓಡಿ, ಊಟಕ್ಕೆ ಕೂತಿದ್ದ ಡಾಕ್ಟರನ್ನು ಎಂಜಲು ಕೈಯಲ್ಲೇ ಎಳೆತಂದರು. ಡಾಕ್ಟರು ಸೂಜಿ ಚುಚ್ಚಿದರು. ಇನ್ನು ಕಾಯುವಂತಿಲ್ಲ ಎಂದು ನೋವು ಬರಿಸಲು ಔಷಧಿ ಏರಿಸಿದರು. ಮುಂದಿನದೆಲ್ಲ ನನಗೆ ಮಸುಕು. ಮರುದಿನ ಒಂದು ಸಣ್ಣ ಅಳು ಕೇಳಿಸಿತು. ಗಂಡುಮಗು, ಅಂಗೈಯಷ್ಟು.

ನನ್ನ ಗಂಡ ಮಗುವನ್ನು ಅತ್ತೆಯತ್ತ ಚಾಚಿದರು. ಅವರು ಅದರತ್ತ ತಿರುಗದೆ ನೇರ ಬಂದು ನನ್ನ ಹಣೆಯ ಮೇಲೆ ಕೈಯಿಟ್ಟರು.

"ನಂಗೊಬ್ಳು ಮಗ್ಳಿದ್ಲಮ್ಮ. ಚೊಚ್ಚಲ ಎರಿಗೆಗೆ ಬಂದವ್ಳು. ಮೈಯೆಲ್ಲ ಊದ್ಕೊಂಡಿತ್ತು. ಫಿಟ್ಸ್ ಬಂದು ಓಗ್ಬಿಟ್ಲು."

ಆ ಮನೆಗೆ ಒಬ್ಬ ಮಗಳಿದ್ದಳೆಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. "ಮೊಮ್ಮಗನ್ನ ನೋಡಿ, ಅತ್ತೆ" ಎಂದೆ.

"ಅವ್ನೆಲ್ಲಿಗೆ ಓಗ್ತಾನೆ, ನೋಡ್ತೀನಿ" ಎಂದರು. "ಮೊದ್ಲು ನಿನ್ನ ಕಣ್ತುಂಬ ನೋಡ್ಕೊಳ್ಳಾಣ, ಇರು."