ಹೆಚ್ಚಿದ ಪಿಂಚಣಿಯೂ ತಪ್ಪಿದ ಬಿಸಿ ರೊಟ್ಟಿಯೂ

ದಿನಾಂಕ ೧೫ ಮಾರ್ಚ್ ೧೯೯೯, ಸೋಮವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ಇಂಡಿ ಪಟ್ಟಣದ ನನ್ನ ಸ್ವಗೃಹದಲ್ಲಿ ನನಗೊಂದು ಅನ್ಯಾಯವಾಯಿತು. ತಾಟಿನಲ್ಲಿ ಬಿಸಿ ರೊಟ್ಟಿ ಇರಬೇಕಾದ ಸ್ಥಳದಲ್ಲಿ ಒಣಗಿಸಿಟ್ಟ ಖಡಕ್ ರೊಟ್ಟಿ ಇತ್ತು. ಅನ್ಯಾಯವೆಂಬ ಪದವನ್ನು ತೂಗಿಯೇ ಬಳಸುತ್ತಿದ್ದೇನೆ. ಶಿರಸ್ತೇದಾರನಾಗಿ ನಿವೃತ್ತನಾದವನು ಪದಗಳನ್ನು ಬೇಕಾಬಿಟ್ಟಿ ಚೆಲ್ಲುವುದಿಲ್ಲ.

ಪಿಂಚಣಿ ಕಡಿಮೆಯಿದ್ದ ಕಾಲದ ವ್ಯವಸ್ಥೆಯನ್ನು ಮೊದಲು ದಾಖಲಿಸುತ್ತೇನೆ. ಒಲೆಯ ಮುಂದೆ ನಾನು ಮಣೆಯ ಮೇಲೆ ಕೂರುವುದು. ನನ್ನ ಧರ್ಮಪತ್ನಿ ಬಾಳಮ್ಮ ಜೋಳದ ರೊಟ್ಟಿ ಬಡಿಯುವುದು. ಉಬ್ಬಿದ ರೊಟ್ಟಿ ಹಂಚಿನಿಂದ ನೇರವಾಗಿ ನನ್ನ ತಾಟಿಗೆ ಬರುವುದು. (ನನ್ನ ಮೇಲಿನ ಹಲ್ಲುಗಳು ಕೃತಕ, ಕೆಳಗಿನವು ಅನಿಶ್ಚಿತ. ಮೆತ್ತಗಿನ ರೊಟ್ಟಿ ನನಗೆ ವಿಲಾಸವಲ್ಲ, ಅವಶ್ಯಕತೆ.) ಊಟದ ನಡುವೆ, ಪಿಂಚಣಿ ಹೆಚ್ಚಿಸಬೇಕೆಂದು ನಿವೃತ್ತರ ಸಂಘದ ಪರವಾಗಿ ಬರೆದ ಅರ್ಜಿಗಳನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ವಾಕ್ಯದ ತೂಕ ಕಿವಿಗೆ ಬಿದ್ದಾಗಲೇ ತಿಳಿಯುವುದು. ಬೇರೆ ಕಿವಿಗಳು ಲಭ್ಯವಿರಲಿಲ್ಲ.

"ಜೀವನವಿಡೀ ದುಡಿದ ಜೀವಕ್ಕೆ, ಇಳಿವಯಸ್ಸಿನಲ್ಲಿ ಗೌರವದ ವಿಶ್ರಾಂತಿ ದೊರೆಯದಿದ್ದರೆ, ಆ ದುಡಿಮೆಗೆ ಅರ್ಥವೇನು?" ಎಂಬ ವಾಕ್ಯ ಬಂದಾಗಲೆಲ್ಲ ರೊಟ್ಟಿ ಬಡಿಯುವ ಸದ್ದು ಕ್ಷಣಕಾಲ ನಿಲ್ಲುತ್ತಿತ್ತು. ಅದು ನನ್ನ ಶೈಲಿಗೆ ಸಂದ ಗೌರವವೆಂದು ಭಾವಿಸಿದ್ದೆ.

ಕೊನೆಗೂ ಪಿಂಚಣಿ ಹೆಚ್ಚಾಯಿತು. ಆದಾಯ ಏರಿದರೆ ಸುಖವೂ ಏರುವುದೆಂದು ಸಾರುತ್ತ ಓಣಿಗೆಲ್ಲ ಪೇಡೆ ಹಂಚಿದೆ. ಅದರ ಮರುದಿನವೇ ಮೇಲ್ಕಂಡ ಸೋಮವಾರ.

"ಏನಿದು?" ಎಂದೆ.

"ರೊಟ್ಟಿ. ಓಣಿ ತುದಿಗೆ ರೊಟ್ಟಿ ಮಾರೂ ಸುವರ್ಣಾನ ಕಡೆಯಿಂದ ತರಿಸೇನಿ. ತಿಂಗಳಾದ್ರೂ ಕೆಡೂದಿಲ್ಲಂತ."

"ರೊಟ್ಟಿ ಕೆಡೂದಿಲ್ಲ, ನನ್ನ ಹಲ್ಲು ಕೆಡ್ತಾವ! ನೀ ಯಾಕ ಬಡಿದಿಲ್ಲ?"

"ನಾ ರಿಟೈರ್ ಆಗೇನ್ರಿ."

"ಮನ್ಯಾಗಿನ ಹೆಣ್ಮಕ್ಕಳಿಗೆ ಎಂಥಾ ರಿಟೈರು? ಯಾವ ಕಾಯ್ದೆದಾಗ ಐತಿ?"

"ನೀವ ಓದಿದ್ರಲ್ಲ" ಎಂದವಳೇ ಆ ವಾಕ್ಯವನ್ನು ಒಂದಕ್ಷರ ತಪ್ಪದೆ, ಅಲ್ಪವಿರಾಮಗಳಲ್ಲಿ ಸರಿಯಾಗಿ ನಿಂತು, ಒಪ್ಪಿಸಿದಳು. "ಸರಕಾರನ ಒಪ್ಪೇತಿ. ನಾ ಒಪ್ಪಬಾರದೇನು?"

"ಅದು ನೌಕರರ ಸಲುವಾಗಿ ಬರದದ್ದು."

"ನೀವು ಐವತ್ತೆಂಟಕ್ಕ ಮನ್ಯಾಗ ಕುಂತ್ರಿ. ನನಗ ಈಗ ಅರವತ್ತೆರಡು. ನಂದು ಅವಧಿ ಮೀರೇತ್ರಿ."

ಅಂಕಿ-ಅಂಶಗಳು ನನಗೆ ವಿರುದ್ಧವಾಗಿದ್ದವು. ಆದಾಯ ಹೆಚ್ಚಿದೆಯಲ್ಲ, ಅಡುಗೆಯವಳನ್ನು ಇಡೋಣವೆಂದೆ.

"ನನ್ನ ಒಲಿ ಮುಂದ ಮಂದಿ ಕುಂತ ದಿನ ನಾ ಹೂವಿನ ಹಿಪ್ಪರಗಿಗೆ, ನನ್ನ ತವರಮನಿಗೆ ಹೊಂಟೆ ಅಂತ ತಿಳೀರಿ!"

ಖಡಕ್ ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ ನೋಡಿದೆ. ನೆನೆದರೆ ಅಂಬಲಿ, ನೆನೆಯದಿದ್ದರೆ ಹಂಚಿನ ಚೂರು; ನಡುವಿನ ಸ್ಥಿತಿ ಅದಕ್ಕಿಲ್ಲ. ವಾರ ಕಳೆಯುವುದರೊಳಗೆ ಹಸಿವು ಸ್ವಾಭಿಮಾನವನ್ನು ಗೆದ್ದು, ಹಿಟ್ಟು ನಾದುವ ಪರಾತದ ಮುಂದೆ ನಾನೇ ಆಸೀನನಾದೆ. ಕುದಿವ ನೀರು ಹಿಟ್ಟಿಗಿಂತ ಮೊದಲು ನನ್ನ ಬೆರಳನ್ನು ಬೇಯಿಸಿತು. ಮೊದಲ ರೊಟ್ಟಿ ಎತ್ತುವಾಗಲೇ ವಿಭಜನೆಗೊಂಡಿತು. ಎರಡನೆಯದು ಹಂಚು ಸೇರುವ ಹೊತ್ತಿಗೆ, ಸಂಘದ ಕಾರ್ಯದರ್ಶಿ, ನಿವೃತ್ತ ಭೂಮಾಪಕ ಖಾಜಾಸಾಬರು ಒಳಗೆ ಬಂದರು.

"ಶಿರಸ್ತೇದಾರ ಸಾಹೇಬ್ರ, ಇದರ ಸರ್ವೆ ನಂಬರ ಎಷ್ಟ್ರಿ? ಅಗರಖೇಡದ ಹೊಳಿದಂಡಿ ಹೊಲ ಇದ್ದಂಗ ಐತಿ. ಒಂದ ಮಗ್ಗಲ ಹೊಳಿ ತಿಂದೈತಿ ನೋಡ್ರಿ!"

"ನಗಬ್ಯಾಡ್ರಿ. ಪಿಂಚಣಿ ನಿಮಗೂ ಹೆಚ್ಚಾಗೇತಿ. ನಿಮ್ಮ ಮನ್ಯಾಗ ಹೆಂಗ?"

"ನಮ್ಮ ಶಮ್ಶುನ್ನೀಸಾ ಬಿಸಿ ರೊಟ್ಟಿ ಹಾಕ್ತಾಳ್ರಿ. ನಾ ಅರ್ಜಿಗೆ ಬರೇ ಸಹಿ ಮಾಡೇನಿ. ಮನ್ಯಾಗ ಓದಿಲ್ಲ."

ಅಷ್ಟರಲ್ಲಿ ಬಾಳಮ್ಮ ಬಂದು ನನ್ನ ಮಣೆಯ ಮೇಲೆ (ನನ್ನ ಮಣೆ ಎಂಬುದನ್ನು ಗಮನಿಸಬೇಕು) ತಾಟು ಹಿಡಿದು ಕುಳಿತಳು. ಹೊಳೆ ತಿಂದ ಹೊಲವನ್ನು ಮುರಿದು, ಶೇಂಗಾ ಚಟ್ನಿಪುಡಿ ಹಚ್ಚಿ ಬಾಯಿಗಿಟ್ಟಳು.

"ಅಂಚು ದಪ್ಪ ಆಗೇತಿ" ಎಂದಳು. "ಆದ್ರ ಬಿಸಿ ಐತ್ರಿ. ಲಗ್ನ ಆಗಿ ಬಂದಾಗಿನಿಂದ ಎಲ್ಲಾರಿಗೂ ಹಾಕಿ, ಕಡೀಕ ಆರಿದ್ದು ತಿಂದೇನಿ. ಬಿಸೀದು ಹಿಂಗ ಇರತೈತಿ ಅಂತ ಇವತ್ತ ಗೊತ್ತಾತು. ಇನ್ನೊಂದು ಬಡೀರಿ."

ಇನ್ನೊಂದು ಬಡಿದೆ. ಖಾಜಾಸಾಬರೂ ತಾಟು ಕೇಳಿದರು.

ಆದಾಯ ಹೆಚ್ಚಿದರೆ ಮನೆಯ ಸುಖ ಹೆಚ್ಚುವುದೆಂಬ ನನ್ನ ಸಿದ್ಧಾಂತ ಸುಳ್ಳಾಗಿಲ್ಲ. ಹೆಚ್ಚಿದೆ, ಕಣ್ಣಾರೆ ಕಂಡಿದ್ದೇನೆ. ಹಂಚಿಕೆಯಲ್ಲಿ ಮಾತ್ರ ಲೋಪವಾಗಿದೆ.

ಆದ್ದರಿಂದ, ಪಿಂಚಣಿ ಪರಿಷ್ಕರಣೆಗೆ ಕಾರಣರಾದ ಮಹನೀಯರಲ್ಲಿ ನನ್ನ ಆಗ್ರಹವಿದು. ಹೆಚ್ಚಳವನ್ನು ಹಿಂಪಡೆಯಬೇಡಿ, ನಾನು ಅಷ್ಟು ಅವಿವೇಕಿಯಲ್ಲ. ನಮ್ಮ ಅರ್ಜಿಯ ಮೊತ್ತವನ್ನಷ್ಟೇ ಒಪ್ಪಿರುವುದಾಗಿಯೂ, ಅದರಲ್ಲಿ ಕಾಣಿಸಿದ ಕಾರಣಗಳನ್ನು ಸಂಪೂರ್ಣವಾಗಿ ತಿರಸ್ಕರಿಸಿರುವುದಾಗಿಯೂ ಕೂಡಲೇ ಲಿಖಿತ ಆದೇಶ ಹೊರಡಿಸಿ, ಅದರ ಒಂದು ಪ್ರತಿಯನ್ನು ಶ್ರೀಮತಿ ಬಾಳಮ್ಮನವರಿಗೆ ರವಾನಿಸಿ. ಹಿಟ್ಟು ಮುಗಿಯುವ ಮುನ್ನ ಅದು ತಲುಪಬೇಕು.